ಮಂತ್ರಿಗಿಂತ ಮೊದಲು ನಾನು ಕೊಟ್ಟ ರಾಜೀನಾಮೆ

ನಮ್ಮ ಮನೆಯ ತೊಟ್ಟಿಲಿಗೆ ಹಸಿರು ಸ್ಯಾಟಿನ್ ಬಟ್ಟೆಯದೊಂದು ಹೊದಿಕೆಯಿದೆ. ಅಂಚಿಗೆ ಬಂಗಾರದ ಬಣ್ಣದ ಝಾಲರು, ಮೇಲ್ತುದಿಗೆ ಹಗ್ಗ ಪೋಣಿಸಲು ಹೊಲಿದ ಹಿತ್ತಾಳೆಯ ಉಂಗುರಗಳು. ಕೂಸಿನ ಹೊದಿಕೆಗೆ ಉಂಗುರವೇಕೆ ಎಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ. ಉತ್ತರ ಹೇಳಬೇಕಾದರೆ, ಗೆಳೆಯಾ, ನಾನು ಮೊದಲು ನನ್ನ ಪೆದ್ದುತನವನ್ನು ಒಪ್ಪಿಕೊಳ್ಳಬೇಕಾಗುತ್ತದೆ: ರಾಜ್ಯದ ಆರೋಗ್ಯ ಸಚಿವರು ರಾಜೀನಾಮೆ ಕೊಡುವ ಮೊದಲೇ, ತುಂಬಿದ ಪೆಂಡಾಲಿನಲ್ಲಿ, ಅವರದೇ ದನಿಯಲ್ಲಿ, ಅವರ ಪರವಾಗಿ ನಾನು ರಾಜೀನಾಮೆ ಕೊಟ್ಟುಬಿಟ್ಟಿದ್ದೆ.

ಅನ್ಯರ ದನಿ ಕದಿಯುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ಹಳೇ ಹುಬ್ಬಳ್ಳಿಯಲ್ಲಿ ಮಾವನ ಮನೆಯಲ್ಲಿದ್ದು ಕಾಲೇಜು ಓದುವಾಗ ಪ್ರಾಚಾರ್ಯರ ಕೆಮ್ಮಿನಿಂದ ಹಿಡಿದು ಬಸ್ ಕಂಡಕ್ಟರನ ಸೀಟಿಯವರೆಗೆ ಎಲ್ಲವನ್ನೂ ಗಂಟಲಿಗೆ ಇಳಿಸಿಕೊಂಡಿದ್ದೆ. ಕನ್ನಡಿಯ ಮುಂದೆ ನಿಂತು ನನ್ನ ಮೋರೆಯನ್ನೇ ಅಣಕಿಸಿಕೊಂಡ ದಿನಗಳೂ ಉಂಟು. ಅದರಷ್ಟು ಸಲೀಸಾದ ಕೆಲಸ ಇನ್ನೊಂದಿಲ್ಲ, ದೇವರು ಅರ್ಧ ಕೆಲಸ ಮೊದಲೇ ಮಾಡಿಟ್ಟಿದ್ದಾನೆ.

ಗದಗ ರಸ್ತೆ ಹಿಡಿದು ಶಿರಗುಪ್ಪಿ ದಾಟಿದರೆ ನಮ್ಮೂರು. ಆ ವರ್ಷ ಅಲ್ಲಿ ಹೊಸದೊಂದು ಹೆರಿಗೆ ಕೋಣೆ ಕಟ್ಟಿ ಮುಗಿದಿತ್ತು. ಗೋಡೆಗೆ ಬಣ್ಣ, ಒಳಗೆ ಮಂಚ, ಮೇಲೆ ಫ್ಯಾನು, ಬಾಗಿಲಿಗೆ ಮಾತ್ರ ಕೀಲಿ. ಏಕೆಂದರೆ ಉದ್ಘಾಟನೆ ಆಗಿರಲಿಲ್ಲ. ಉದ್ಘಾಟನೆ ಏಕೆ ಆಗಿರಲಿಲ್ಲವೆಂದರೆ ಆರೋಗ್ಯ ಇಲಾಖೆಯಲ್ಲಿ ಇಬ್ಬರಿದ್ದರು: ಒಬ್ಬರು ಸಚಿವರು, ಇನ್ನೊಬ್ಬರು ಅವರ ಕೈಕೆಳಗಿನ ರಾಜ್ಯ ಸಚಿವರು. ಒಬ್ಬರು ಮಾಡಿದ ವರ್ಗಾವಣೆಯನ್ನು ಇನ್ನೊಬ್ಬರು ರದ್ದು ಮಾಡುವರು, ಒಬ್ಬರು ಕುಳಿತ ವೇದಿಕೆಯನ್ನು ಇನ್ನೊಬ್ಬರು ಹತ್ತರು. ನಮ್ಮ ಕೋಣೆಯ ಗೋಡೆಗೆ ಕೂಡಿಸಬೇಕಾದ ಕಲ್ಲಿನ ಫಲಕದಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರ ಅಕ್ಷರ ದಪ್ಪ ಎಂಬ ತಕರಾರಿನಲ್ಲಿ ಒಂದು ಮಳೆಗಾಲವೇ ಕಳೆದುಹೋಯಿತು. ಜನರ ಆರೋಗ್ಯ ಕಾಯಬೇಕಾದ ಇಲಾಖೆಗೇ ಬೇನೆ ಬಂದರೆ ನಾಡಿ ಹಿಡಿಯುವವರಾರು?

ಆ ಹೊತ್ತಿಗೆ ನಮ್ಮ ಶೈಲಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಮೈಯಲ್ಲಿ ರಕ್ತ ಕಡಿಮೆ, ಜೋಪಾನ ಎಂದು ನರ್ಸಬಾಯಿಯವರು ಅವ್ವನಿಗೆ ಮೇಲಿಂದ ಮೇಲೆ ಎಚ್ಚರಿಸಿದ್ದರು. ಹಳೆಯ ದವಾಖಾನೆಯಲ್ಲಿ ಇದ್ದುದು ಒಂದೇ ಕೋಣೆ. ಅದರಲ್ಲೇ ಔಷಧದ ಡಬ್ಬಿ, ಅದರಲ್ಲೇ ಸೀರೆ ಮರೆ ಮಾಡಿದ ಹೆರಿಗೆಯ ಮಂಚ. ಅವ್ವ ದಿನವೂ ಸಂಜೆ ಹೊಸ ಕೋಣೆಯ ಕೀಲಿಯನ್ನು, ಗುಡಿಯ ಬಾಗಿಲು ನೋಡುವವಳಂತೆ, ನೋಡಿ ಬರುತ್ತಿದ್ದಳು.

ಅಂತೂ ಸಚಿವರ ಹೆಸರೇ ದಪ್ಪಕ್ಷರದಲ್ಲಿ ಮೇಲೇರಿ, ಅವರು ಬರುವ ದಿನ ಗೊತ್ತಾಯಿತು. ಕಲ್ಲಿಗೆ ಹಸಿರು ಪರದೆ ಇಳಿಬಿಟ್ಟರು. ಊರಿನ ಜೀಪು, ಟ್ರ್ಯಾಕ್ಟರುಗಳೆಲ್ಲ ಸ್ವಾಗತದ ಮೆರವಣಿಗೆಗೆಂದು ಶಿರಗುಪ್ಪಿಯವರೆಗೆ ಹೋದವು. ಹಳೆಯ ಕೋಣೆಯ ಹೆರಿಗೆ ಮಂಚದ ಮೇಲೆ ಹಾರ, ಶಾಲು, ಸೋಡಾ ಬಾಟಲಿಗಳ ಕ್ರೇಟು ಪೇರಿಸಿದರು. ಬಿಸಿಲು ಏರಿತು, ಇಳಿಯಿತು, ಸಚಿವರ ಸುಳಿವಿಲ್ಲ. ಜನ ಎದ್ದು ಹೋಗುವ ಲಕ್ಷಣ ಕಂಡು ತಾಲೂಕಿನ ಆರೋಗ್ಯಾಧಿಕಾರಿಗಳು ಬೆವರೊರೆಸುತ್ತ ನನ್ನ ಹತ್ತಿರ ಬಂದರು.

"ತಮ್ಮಾ, ನೀ ಏನೋ ದನಿ ತಗಿತೀಯಂತಲ್ಲ. ಸ್ವಲ್ಪ ಮಂದಿನ್ನ ಹಿಡದ ಕುಂಡರಸಪಾ."

ಮಂಗನ ಕೈಗೆ ಮೈಕು ಸಿಕ್ಕಿತು. ಮೊದಲು ಆ ಅಧಿಕಾರಿಗಳದೇ ದನಿ ತೆಗೆದೆ, ಅವರೂ ನಕ್ಕರು. ಆಮೇಲೆ ಇಬ್ಬರು ಸಚಿವರ ಜಗಳ. ನಮ್ಮ ಸಚಿವರದು ಗಂಟಲು ಸರಿಪಡಿಸಿಕೊಂಡು ಪ್ರತಿ ಮಾತನ್ನೂ ಶಾಲು ಮಡಿಸಿದಂತೆ ಮಡಿಸಿಡುವ ರೀತಿ, ರಾಜ್ಯ ಸಚಿವರದು ಮಾತಿಗೊಮ್ಮೆ "ಹೌದಲ್ಲೋ?" ಎಂದು ಸಭೆಯ ಸಾಕ್ಷಿ ಕೇಳುವ ಚಾಳಿ. ಪೆಂಡಾಲು ಬಿದ್ದು ಬಿದ್ದು ನಕ್ಕಿತು. ನಗೆಯ ಅಮಲಿನಲ್ಲಿ ನಾನು ಗಂಟಲು ಸರಿಪಡಿಸಿಕೊಂಡು ಘೋಷಿಸಿದೆ: "ಬಂಧುಗಳೇ, ಆರೋಗ್ಯ ಸಚಿವನಾದ ನಾನು ಅನಾರೋಗ್ಯದ ಕಾರಣ ರಾಜೀನಾಮೆ ಕೊಡುತ್ತಿದ್ದೇನೆ!"

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ವೇದಿಕೆಯ ಹಿಂದೆ ಅವ್ವ ಕಂಡಳು. ಅವಳ ಹಿಂದೆ ನರ್ಸಬಾಯಿಯವರ ಭುಜ ಹಿಡಿದು ನಿಂತ ಶೈಲಕ್ಕ, ತುಟಿ ಕಚ್ಚಿಕೊಂಡು.

"ಏ ಶಿವ್ಯಾ, ನಗಸೂದು ಸಾಕು. ಅಕ್ಕಗ ಬ್ಯಾನಿ ಹತ್ಯಾವು. ಹಳೇ ಖೋಲ್ಯಾಗ ಮಂಚದ ಮ್ಯಾಲ ಸೋಡಾ ಮಲಗೇತಿ. ಚಾವಿ ಕೊಡಸು."

ಚಾವಿ ಇದ್ದುದು ಆರೋಗ್ಯಾಧಿಕಾರಿಗಳ ಅಂಗಿಯ ಕಿಸೆಯಲ್ಲಿ. "ರಿಬ್ಬನ್ ಕಟ್ಟೇತ್ರಿ ಯವ್ವಾ," ಎಂದರವರು ಅಳುವ ದನಿಯಲ್ಲಿ. "ಸಚಿವರು ಬರೂಕಿಂತ ಮೊದಲ ತಗದ್ರ ನನ್ನ ನೌಕರಿ ಉಳಿಯಂಗಿಲ್ಲ."

ಅಷ್ಟರಲ್ಲಿ ಎಸ್‌ಟಿಡಿ ಬೂತಿನಿಂದ ಒಬ್ಬ ಏದುಸಿರು ಬಿಡುತ್ತ ಓಡಿಬಂದ: ಸಚಿವರು ನಿಜವಾಗಿಯೂ ರಾಜೀನಾಮೆ ಕೊಟ್ಟಿದ್ದರು, ಧಾರವಾಡದ ಕಡೆಯಿಂದ ಬರುತ್ತಿದ್ದ ಅವರ ಕಾರು ಹುಬ್ಬಳ್ಳಿ ಮುಟ್ಟುವ ಮೊದಲೇ ಬೈರಿದೇವರಕೊಪ್ಪದಿಂದ ಹಿಂದಿರುಗಿ ಹೋಗಿತ್ತು. ಅಧಿಕಾರಿಗಳು ವೇದಿಕೆಯ ಹಿಂದೆ, ಸಭೆಗೆ ಕಾಣದಂತೆ ನಿಂತೇ ಅದನ್ನು ಮೈಕಿನಲ್ಲಿ ಹೇಳಿದರು. ಸಭೆ ಮತ್ತೆ ಹೋ ಎಂದು ನಕ್ಕಿತು. ಅವರ ದನಿಯನ್ನು ನಾನೇ ತೆಗೆಯುತ್ತಿದ್ದೇನೆ ಎಂದುಕೊಂಡಿತ್ತು! ನಾನು ಮೈಕು ಕಸಿದುಕೊಂಡು ಕೂಗಿದೆ: "ಖರೇ ಐತ್ರಿ! ನಮ್ಮ ಅಕ್ಕಗ ಬ್ಯಾನಿ ಹತ್ಯಾವು, ಯಾರಾರ ಸಾಹೇಬ್ರಿಗೆ ಹೇಳ್ರಿ, ಬಾಗಲಾ ತಗಸ್ರಿ!"

ಮುಂದಿನ ಸಾಲಿನಿಂದ ಒಬ್ಬ ಹಿರಿಯ ತಲೆದೂಗಿದ. "ಭಾಳ ಛಲೋ ಮಾಡಾಕತ್ತಾನ. ಇದು ಯಾರ ದನಿಲೇ? ಯಾವತ್ತೂ ಕೇಳಿಲ್ಲಲ್ಲ!"

ಅದು ನನ್ನ ದನಿಯಾಗಿತ್ತು, ಗೆಳೆಯಾ. ಹುಟ್ಟಿದೂರಿನಲ್ಲಿ ನನ್ನ ದನಿಗೆ ಗುರುತಿನವರು ಒಬ್ಬರೂ ಇರಲಿಲ್ಲ.

ಅತ್ತ ಸುದ್ದಿ ನಿಜವೆಂದು ತಿಳಿದ ಎರಡೂ ಬಣದವರು ವೇದಿಕೆಯ ಮೇಲೆಯೇ ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಬಂದಿದ್ದರು. ಸಚಿವರ ಕಡೆಯವರು ಸಭೆಯನ್ನೇ ರದ್ದು ಮಾಡಿ ಎಂದರು. ರಾಜ್ಯ ಸಚಿವರ ಕಡೆಯವರು, ನಾಳೆ ನಮ್ಮ ಸಾಹೇಬರೇ ಸಚಿವರು, ಅಲ್ಲಿಯವರೆಗೆ ಬಾಗಿಲು ಯಾರೂ ಮುಟ್ಟಕೂಡದು ಎಂದರು. ಆಗ ನರ್ಸಬಾಯಿಯವರು ಅಧಿಕಾರಿಗಳ ಪಕ್ಕಕ್ಕೆ ಹೋಗಿ ಮೆಲ್ಲಗೆ ಹೇಳಿದರು: "ಸಾಹೇಬ್ರ, ನೀವು ಜಗಳಾ ಬಿಡಸ್ರಿ. ಎರಡೂ ಕೈ ಮ್ಯಾಲ ಎತ್ತಿ ಬಿಡಸ್ರಿ."

ಅಧಿಕಾರಿಗಳು ಒಂದು ಕ್ಷಣ ಅವರ ಮೋರೆ ನೋಡಿದರು, ಅಕ್ಕನ ಮೋರೆ ನೋಡಿದರು. ಆಮೇಲೆ ವೇದಿಕೆಯ ಕಡೆ ತಿರುಗಿ, ಎರಡೂ ಕೈಗಳನ್ನು ಆಕಾಶಕ್ಕೆತ್ತಿ, "ಶಾಂತ ಆಗ್ರಿ, ಶಾಂತ ಆಗ್ರಿ" ಎಂದು ಕೂಗತೊಡಗಿದರು. ನರ್ಸಬಾಯಿಯವರು ಅವರ ಕಿಸೆಯಿಂದ ಚಾವಿ ತೆಗೆದುಕೊಂಡರು. ಚಾವಿ ಹೋಗಿ ಬಹಳ ಹೊತ್ತಾದ ಮೇಲೂ ಆ ಪುಣ್ಯಾತ್ಮ ಕೈ ಇಳಿಸಲಿಲ್ಲ. ನಾನು ಆವರೆಗೆ ಅಣಕಿಸಿ ನಗಿಸಿದ್ದ ಮನುಷ್ಯ ಅವರೇ ಏನು ಎಂದು ನನಗೆ ಅನುಮಾನವಾಯಿತು.

ರಿಬ್ಬನ್ನನ್ನು ಅವ್ವ ಕೈಯಿಂದಲೇ ಹರಿದಳು. ಹೊತ್ತು ಮುಳುಗುವ ಮೊದಲು ಹೆಣ್ಣು ಕೂಸು ಅತ್ತಿತು. ಅಕ್ಕ ಬಳಲಿದ್ದಳು, ಆದರೆ ಕಣ್ಣು ತೆರೆದು ನಕ್ಕಳು. ಹೊಸ ಮಂಚಕ್ಕೆ ಚಾದರ ಇನ್ನೂ ಬಂದಿರಲಿಲ್ಲ, ಸಂಜೆಯ ಗಾಳಿ ತಣ್ಣಗಿತ್ತು. ಅವ್ವ ಹೊರಗೆ ಬಂದು ಅತ್ತಿತ್ತ ನೋಡಿ, ಕಲ್ಲಿನ ಮೇಲಿನ ಹಸಿರು ಪರದೆಯನ್ನು ಎಳೆದುಕೊಂಡು ಒಳಗೆ ಹೋದಳು. ಮೊಮ್ಮಗಳು ಬೆಚ್ಚಗಾದಳು, ಮಾಜಿಯಾಗಿದ್ದ ಸಚಿವರ ದಪ್ಪಕ್ಷರದ ಹೆಸರು ಗಾಳಿಗೆ ಮೈಯೊಡ್ಡಿ ನಿಂತಿತು.

ಅಂದು ಟೀವಿಯ ವಾರ್ತೆಯಲ್ಲಿ ಆ ಸಚಿವರನ್ನು ತೋರಿಸಿದರು. ಗಂಟಲು ಸರಿಪಡಿಸಿಕೊಳ್ಳಲಿಲ್ಲ, ಮಾತನ್ನು ಮಡಿಸಲಿಲ್ಲ. "ಸಾಕಾಗಿದೆ, ಊರಿಗೆ ಹೋಗುತ್ತೇನೆ" ಎಂದಷ್ಟೇ ಅಂದರು. ಆ ದನಿಯನ್ನು ತೆಗೆಯಲು ನಾನು ಎಷ್ಟೋ ಸಲ ಯತ್ನಿಸಿದ್ದೇನೆ, ಬಂದಿಲ್ಲ. ನಾನು ಅಷ್ಟು ದಿನ ಅಣಕಿಸಿದ್ದು ಕುರ್ಚಿಯ ದನಿಯನ್ನಿರಬೇಕು. ಆ ದನಿಯನ್ನು ಅವರಿಗಿಂತ ಮೊದಲು ಕುಳಿತವರಿಂದ ಅವರೂ ನನ್ನ ಹಾಗೆಯೇ ಕದ್ದಿರಬೇಕು. ಕುರ್ಚಿ ಬಿಟ್ಟ ಗಳಿಗೆಯಲ್ಲಿ ಅವರಿಗೆ ಅವರದು ಸಿಕ್ಕಿತು, ಅಕ್ಕನ ಬೇನೆಯ ಗಳಿಗೆಯಲ್ಲಿ ನನಗೆ ನನ್ನದು. ಇಬ್ಬರದನ್ನೂ ಯಾರೂ ಗುರುತಿಸಲಿಲ್ಲ, ಅದು ಬೇರೆ ಮಾತು. ಅಣಕಿಸುವ ಚಟ ನನಗೆ ಹೋಗಿಲ್ಲ. ಆದರೆ ಯಾರ ದನಿ ತೆಗೆಯುವಾಗಲೂ, ಇದರ ಕೆಳಗೆ ಇನ್ನೊಂದು ಇದ್ದೀತು ಎಂಬ ಅಳುಕು ಒಂದು ಎಳೆಯಾಗಿ ಉಳಿದಿದೆ.

ಇನ್ನೂ ಕೂಸಿನ ನಾಮಕರಣವಾಗಿರಲಿಲ್ಲ, ಹೊಸ ಸಚಿವರ, ಅಂದರೆ ಮೊದಲಿನ ರಾಜ್ಯ ಸಚಿವರ, ಕಡೆಯವನೊಬ್ಬ ಆ ಬಡಪಾಯಿ ಅಧಿಕಾರಿಗಳನ್ನು ಮುಂದಿಟ್ಟುಕೊಂಡು ನಮ್ಮ ಮನೆಗೇ ಬಂದ. ಹೊಸ ಕಲ್ಲು ಕೆತ್ತಿಸುವುದಿತ್ತಂತೆ. ಪಡಸಾಲೆಯಲ್ಲಿ ನಿಂತು ಗದರಿದ: "ರಿಬ್ಬನ್ ಹರದೇತಿ, ಪರದೆ ಹೋಗೇತಿ. ನಮ್ಮ ಸಾಹೇಬ್ರನ್ನ ಬಿಟ್ಟು ಉದ್ಘಾಟನಾ ಯಾರು ಮಾಡಿದ್ರು? ನನಗ ಹೆಸರು ಬೇಕು!"

ಅಧಿಕಾರಿಗಳು ನೆಲ ನೋಡಿದರು. ಶೈಲಕ್ಕ ಒಳಗಿನಿಂದ ಕೂಸನ್ನು ಎತ್ತಿಕೊಂಡು ಬಂದು, ಹಸಿರು ಬಟ್ಟೆಯ ಅಂಚು ಸರಿಸಿ, ಆ ಪುಟ್ಟ ಮೋರೆಯನ್ನು ಅವನಿಗೆ ತೋರಿಸಿದಳು.

"ಮಾಡಿದಾಕಿ ಇಕಿನ ನೋಡ್ರಿ. ಹೆಸರು ಇನ್ನೂ ಇಟ್ಟಿಲ್ಲ. ತೊಟ್ಲಾಗ ಹಾಕೂ ದಿನ ಬರ್ರಿ, ಕೇಳಕೊಂಡು ಹೋಗಿ ಕೆತ್ತಸ್ರಿ."