ಅಣ್ಣ ಕೊಟ್ಟ ದಾಳಿಂಬೆ ಸಸಿಗಳು

ಅಣ್ಣ ಸಸಿ ತಂದ ದಿನ ಊರಿನ ಅರ್ಧ ಜನ ನಮ್ಮ ಹೊಲದ ಬದುವಿನ ಮೇಲೆ ನಿಂತಿದ್ದರು. ಆಂಧ್ರದ ಗಡಿಯ ಆಲೂರಿನಿಂದ ಸ್ವಲ್ಪ ಒಳಗಿರುವ ಊರು ನಮ್ಮದು. ಶೇಂಗಾ, ಹತ್ತಿ, ಮೆಣಸಿನಕಾಯಿ ಬಿಟ್ಟು ಬೇರೆ ಬೆಳೆಯನ್ನು ನಮ್ಮ ಮಂದಿ ಕಂಡಿರಲಿಲ್ಲ. ದಾಳಿಂಬೆ ಗಿಡ ಅಂದರೆ ಬಚ್ಚಲ ನೀರು ಹೋಗುವಲ್ಲಿ ಒಂದಿರುತ್ತದೆ, ಮಕ್ಕಳಿಗೆ ಭೇದಿ ಹತ್ತಿದರೆ ಅದರ ಸಿಪ್ಪೆ ಅರೆದು ಕುಡಿಸುತ್ತಾರೆ, ಅಷ್ಟೇ. ಅದನ್ನೇ ಹೊಲದ ತುಂಬ ಹಚ್ಚುತ್ತಾರೆಂದರೆ ನೋಡಲು ಬರದೆ ಇರುತ್ತಾರೆಯೇ?

ಅಣ್ಣ ಟ್ರ್ಯಾಕ್ಟರಿನಿಂದ ಸಸಿಗಳನ್ನು ತಾನೇ ಇಳಿಸಿದ. ಮೊದಲನೆಯದನ್ನು ನನ್ನ ಕೈಗೆ ಕೊಟ್ಟು, "ತಂಗೀ, ನೀನೇ ಹಚ್ಚು. ನಿನ್ನ ಕೈಗುಣ ಚೊಲೊ ಐತಿ" ಅಂದ. ಕುಂಕುಮ ಇಟ್ಟು, ಮಣ್ಣು ಒತ್ತಿ, ತಂಬಿಗೆಯಲ್ಲಿ ನೀರು ಹಾಕಿದೆ. ಅವನು ಫೋನ್ ತೆಗೆದು, "ಇತ್ತ ನೋಡು, ನಗು ಒಂಚೂರು" ಅಂತ ಫೋಟೋ ಹೊಡೆದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಕ್ಕಿದ್ದೆ. ಗಿಡಗಳಿಗೆ ನಮ್ಮ ಹತ್ತಿರ ಒಂದು ಪೈಸೆ ಮುಟ್ಟಲಿಲ್ಲ. "ತವರುಮನಿಯಿಂದ ಕೊಟ್ಟಿದ್ದು" ಅಂದುಬಿಟ್ಟ. ಬದುವಿನ ಮೇಲಿದ್ದ ಹೆಂಗಸರೆಲ್ಲ ನನ್ನ ಮುಖ ನೋಡಿದರು. ಆ ಹೊತ್ತು ನಾನು ಎಷ್ಟು ಬೀಗಿದ್ದೆನೆಂದು ಈಗ ಹೇಳಲು ನಾಚಿಕೆಯಾಗುತ್ತದೆ.

ನಮ್ಮ ತವರೂರು ಕೌತಾಳಂ ಕಡೆಯದು. ಅಪ್ಪ ಬೇಗ ಹೋದ. ನನ್ನನ್ನು ಕನ್ನಡ ಶಾಲೆಗೆ ಸೈಕಲ್ ಮೇಲೆ ಕೂರಿಸಿಕೊಂಡು ಹೋದವನು, ಹತ್ತನೇ ತನಕ ಓದಲಿ ಎಂದು ಹಟ ಹಿಡಿದವನು, ನನಗೆ ಗಂಡು ನೋಡಿ ಮದುವೆ ಮಾಡಿದವನು ಎಲ್ಲ ಅಣ್ಣನೇ. ಆ ಭಾಗದಲ್ಲಿ ಮೊದಲು ದಾಳಿಂಬೆ ತೋಟ ಮಾಡಿದವನೂ ಅವನೇ. ಪತ್ತಿಕೊಂಡದಿಂದೆಲ್ಲ ಜನ ಬಂದು ಅವನ ತೋಟ ನೋಡಿ ಹೋಗುತ್ತಿದ್ದರು. ಮದುವೆ ಮನೆಗಳಲ್ಲಿ ಅವನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಅವನಿಗೆ ಅದು ಬಲು ಹಿತವಾಗಿತ್ತು. ನನಗೂ ಹಿತವಾಗಿತ್ತು.

ಸಸಿಗಳನ್ನು ಅವನು ತನ್ನ ಗಿಡಗಳಿಂದಲೇ ಮಾಡುತ್ತಿದ್ದ. ಬಲಿತ ಕೊಂಬೆಯ ಸಿಪ್ಪೆ ಬಳೆಯಷ್ಟಗಲ ಸುಲಿದು, ಅಲ್ಲಿ ಹಸಿ ಪಾಚಿ ಸುತ್ತಿ ಪ್ಲಾಸ್ಟಿಕ್ ಕಟ್ಟಿದರೆ ಗಿಡದಲ್ಲಿರುವಾಗಲೇ ಬೇರು ಬರುತ್ತದೆ. ಆಮೇಲೆ ಕತ್ತರಿಸಿ ನೆಡುವುದು. ಗೂಟಿ ಕಟ್ಟುವುದು ಅನ್ನುತ್ತಾರೆ. ತಾಯಿ ಗಿಡ ಹೇಗಿದೆಯೋ ಸಸಿಯೂ ಹಾಗೇ. ಅವನೇ ನನಗೆ ಇದನ್ನು ಕಲಿಸಿದ್ದ.

ಆ ವರ್ಷ ನಾನು ಮನೆಗಿಂತ ತೋಟದಲ್ಲೇ ಹೆಚ್ಚು ಇದ್ದೆ. ಡ್ರಿಪ್ ಪೈಪಿನ ತೂತು ಕಟ್ಟಿದರೆ ಪಿನ್ನು ಚುಚ್ಚಿ ಬಿಡಿಸುವುದು, ಬುಡದಿಂದ ಏಳುವ ಚಿಗುರು ತೆಗೆಯುವುದು. ಕೈಗಳ ತುಂಬ ಮುಳ್ಳು ಗೀರಿದ ಗೆರೆ. ಗಿಡ ಗಟ್ಟಿಯಾಗಲಿ ಎಂದು ಮೊದಲ ವರ್ಷದ ಹೂವನ್ನೆಲ್ಲ ಚಿವುಟಬೇಕಿತ್ತು. ಅಷ್ಟು ಕೆಂಪು ಹೂವನ್ನು ನೆಲಕ್ಕೆ ಹಾಕಲು ಮನಸ್ಸಾಗದೆ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದೆ. ನನ್ನ ಗಂಡ ಹೆಚ್ಚು ಮಾತಿನವರಲ್ಲ. "ಮಕ್ಕಳಿಗೂ ಇಷ್ಟು ಮಾಡಿಲ್ಲ ನೀನು" ಅಂತ ಒಂದು ಸಲ ನಕ್ಕಿದ್ದರು.

ಮೊದಲ ಮಳೆಗಾಲದಲ್ಲೇ ಎಲೆಗಳ ಮೇಲೆ ಸಣ್ಣ ಚುಕ್ಕೆ ಕಂಡಿದ್ದವು. ನೀರು ಹೀರಿಕೊಂಡಂಥ ಚುಕ್ಕೆ, ಸುತ್ತ ತೆಳು ಹಳದಿ. ಅಣ್ಣನಿಗೆ ಫೋನ್ ಮಾಡಿದೆ.

"ಎಳೀ ಗಿಡಕ್ಕ ಹಂಗ ಆಗತೈತಿ. ಮನಸ್ಸಿಗೆ ಹಚಕೋಬ್ಯಾಡ" ಅಂದ.

ನಾನು ಹಚ್ಚಿಕೊಳ್ಳಲಿಲ್ಲ. ಆ ಪಂಚಮಿಗೆ ತವರಿಗೆ ಹೋದಾಗ, ತೋಟ ನೋಡಿ ಬರುತ್ತೇನೆ ಎಂದು ಹೊರಟರೆ, "ಬ್ಯಾಡ ಬ್ಯಾಡ, ನಾಗರಹಾವು ಕಾಣಿಸಿಕೊಂಡೈತಿ ಅಲ್ಲಿ. ಹಬ್ಬದಾಗ ಯಾಕ ಉಸಾಬರಿ" ಅಂತ ತಡೆದ. ಅವ್ವ ಒಲೆ ಮುಂದೆ ಕೂತಿದ್ದಳು. ನನ್ನ ತಟ್ಟೆಗೆ ಇನ್ನೊಂದು ಉಂಡೆ ಹಾಕಿದಳು. ಉಂಡೆ ತಿಂದು, ಜೋಕಾಲಿ ಆಡಿ, ಹೊಸ ಸೀರೆ ಉಟ್ಟು ಬಂದೆ.

ಎರಡನೇ ವರ್ಷ ಎಲ್ಲ ಗಿಡ ಒಟ್ಟಿಗೆ ಚಿಗುರಲೆಂದು ಎಲೆ ಉದುರಿಸಿ, ನೀರು ಕೊಟ್ಟು, ಹೂ ಬಿಡಲು ಬಿಟ್ಟೆವು. ಕಾಯಿ ಕಚ್ಚಿದ್ದನ್ನು ನೋಡಿದರೆ ಎದೆ ತುಂಬುತ್ತಿತ್ತು. ಕಾಯಿ ನಿಂಬೆಗಿಂತ ದೊಡ್ಡದಾಗುವ ಹೊತ್ತಿಗೆ ಅಕಾಲದ ಮಳೆ ಹಿಡಿಯಿತು. ಮಳೆ ಬಿಟ್ಟ ಮೇಲೆ ನೋಡಿದರೆ ಕಾಯಿಯ ಮೈಮೇಲೆಲ್ಲ ಕರಿ ಚುಕ್ಕೆ. ದಿನ ಕಳೆದಂತೆ ಚುಕ್ಕೆಗಳು ಕೂಡಿಕೊಂಡವು, ಸಿಪ್ಪೆ ಅಡ್ಡಡ್ಡ ಸೀಳಿತು, ಒಳಗಿನ ಎಳೆ ಬಿಳಿ ಕಾಳು ಕಾಣುತ್ತಿತ್ತು. ಅಣ್ಣ ಹೇಳಿದ ಔಷಧಿಯನ್ನೆಲ್ಲ ಹೊಡೆದೆವು. ಮತ್ತೆ ಫೋನ್ ಮಾಡಿದರೆ "ಇನ್ನೊಂದು ಸುತ್ತು ಹೊಡಿ" ಅಂದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ನಮ್ಮ ಬದುವಿಗೆ ಹೊಂದಿಕೊಂಡದ್ದು ಬಾಜು ಮನೆಯವಳ ತೋಟ. ನನ್ನನ್ನು ಅಕ್ಕಾ ಅನ್ನುವವಳು. ಗಂಡ ಕುರಿ ಹಿಂದೆ ಹೋದರೆ ವಾರಗಟ್ಟಲೆ ಬರುವುದಿಲ್ಲ, ಹೊಲವೆಲ್ಲ ಅವಳದೇ. ನಾವು ಹಚ್ಚಿದ್ದನ್ನು ನೋಡಿ ಅವಳೂ, ಇನ್ನೂ ಎರಡು ಮನೆಯವರೂ ಅಣ್ಣನ ಹತ್ತಿರವೇ ಸಸಿ ಕೊಂಡಿದ್ದರು. ಅವರ ತೋಟಗಳಲ್ಲೂ ಅದೇ ಚುಕ್ಕೆ. ತೋಟಗಾರಿಕೆ ಇಲಾಖೆಯ ಅಧಿಕಾರಿಯೊಬ್ಬರನ್ನು ನನ್ನ ಗಂಡ ಕರೆದುಕೊಂಡು ಬಂದರು. ಅವರು ನಾಲ್ಕೂ ತೋಟ ಸುತ್ತಿದರು, ಕಾಯಿ ನೋಡಿದ್ದು ಕಡಿಮೆ, ಕೂತು ಕಾಂಡದ ಗೆಣ್ಣುಗಳನ್ನು ನೋಡಿದ್ದೇ ಹೆಚ್ಚು. ಗೆಣ್ಣುಗಳಲ್ಲಿ ಕಪ್ಪಗೆ ಒಡೆದಿತ್ತು. ಸಸಿ ಎಲ್ಲಿಂದ ತಂದಿರಿ ಎಂದು ತೆಲುಗಿನಲ್ಲಿ ಕೇಳಿದರು.

"ನಮ್ಮಣ್ಣನ ತೋಟದ್ದು ಸಾರ್."

"ಗೂಟಿ ಕಟ್ಟುವ ಮೊದಲು ತಾಯಿ ಗಿಡ ನೋಡಿದ್ದಿರಾ?"

ಇಲ್ಲವೆಂದೆ. ಅವರು ಕೈ ಒರೆಸಿಕೊಂಡು ಎದ್ದರು. ಇದು ಅಂಗಮಾರಿ ರೋಗ, ಮಳೆಗೆ ಹಬ್ಬಿರಬಹುದು, ಆದರೆ ಎಲ್ಲ ತೋಟದಲ್ಲೂ ಗೆಣ್ಣಿನಿಂದಲೇ ಶುರುವಾಗಿದೆ, ರೋಗ ಗಿಡದ ಜೊತೆಗೇ ಬಂದಿದೆ ಅಂದರು. ಕಿತ್ತು ಸುಡುವುದೇ ವಾಸಿ ಎಂದು ಹೇಳಿ ಹೋದರು.

ಆಗಲೂ ನಾನು ಅಣ್ಣನ ಪರವೇ ನಿಂತೆ. "ಅವನಿಗೂ ಗೊತ್ತಿರಲಿಕ್ಕಿಲ್ಲ" ಅಂದೆ. ಬಾಜು ಮನೆಯವಳು ಪಕ್ಕದಲ್ಲೇ ಇದ್ದಳು. ಜಗಳದ ದನಿಯಲ್ಲೇನೂ ಅಲ್ಲ, ಸಹಜವಾಗಿಯೇ ಹೇಳಿದಳು: "ನಾನೂ ಹಂಗ ಅನಕೊಂಡೀನಿ ಅಕ್ಕಾ. ತಗೊಳ್ಳಾಗ ನಮ್ಮ ಮನಿಯವರು ಗಿಡ ಹೆಂಗ ಅದಾವ ಅಂತ ಕೇಳಿದ್ರು. ನಿಮ್ಮಣ್ಣ ಫೋನಿನಾಗ ನಿನ್ನ ಫೋಟೋ ತೋರಿಸಿದ. ನೀನು ಗಿಡ ಹಚ್ಚಿ ನಗೋದು. ಒಡಹುಟ್ಟಿದ ತಂಗಿಗೇ ಕೊಟ್ಟೀನಿ, ಕೆಟ್ಟ ಗಿಡ ಕೊಡ್ತೀನೇನು ಅಂದ. ಮತ್ತೇನು ಕೇಳಾದು?"

ಮರುದಿನ ಬೆಳಿಗ್ಗೆ ಯಾರಿಗೂ ಫೋನ್ ಮಾಡದೆ ಆದೋನಿ ಬಸ್ಸು ಹತ್ತಿದೆ. ಅಲ್ಲಿ ಕೌತಾಳಂ ಬಸ್ಸಿಗೆ ಬದಲಿಸಿ, ಊರಿನ ಅಗಸೆಬಾಗಿಲ ಹತ್ತಿರ ಇಳಿದು, ಮನೆಗೆ ಹೋಗದೆ ನೇರ ಹೊಲದ ದಾರಿ ಹಿಡಿದೆ.

ತೋಟ ಇರಲಿಲ್ಲ. ಗಿಡಗಳಿದ್ದ ಕಡೆ ಮೊಣಕಾಲುದ್ದದ ಹತ್ತಿ. ಮೂಲೆಯಲ್ಲಿ, ಬದುವಿಗೆ ಹತ್ತಿಕೊಂಡು, ಸುಟ್ಟ ಬೊಡ್ಡೆಗಳ ಗುಡ್ಡೆ. ಅದರ ಮೇಲೆ ಆಗಲೇ ಬಳ್ಳಿ ಹಬ್ಬಿತ್ತು. ನಿನ್ನೆ ಮೊನ್ನೆ ಕಿತ್ತಿದ್ದಲ್ಲ.

ಅಣ್ಣ ಮೋಟರ್ ಮನೆಯಿಂದ ಹೊರಗೆ ಬಂದವನು ನನ್ನನ್ನು ನೋಡಿ ನಿಂತ. ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಹೇಳದ ಕೇಳದ ಬಂದೆಲ್ಲ."

"ನನಗ ಸಸಿ ಕೊಡಾಗ ಇಲ್ಲಿ ರೋಗ ಇತ್ತೇನಣ್ಣಾ?"

"ಒಂದೆರಡು ಸಾಲಿನಾಗ ಇತ್ತು. ನಿನಗ ಚೊಲೊ ಸಾಲಿನವು ನೋಡೇ ಕಟ್ಟಿದ್ದೆ."

"ಇತ್ತಂತ ಗೊತ್ತಿತ್ತು."

ಅವನು ಹತ್ತಿ ಗಿಡದ ಎಲೆಯೊಂದನ್ನು ಹರಿದು ಮಡಚಿದ. "ಗೊತ್ತಿತ್ತು. ನಾ ಏನು ಮಾಡಲಿ? ಮಂದಿ ಸಸಿ ಕೇಳಾಕ ಹತ್ತಿದ್ರು. ಇಲ್ಲ ಅಂದ್ರ ಯಾಕ ಅಂತಾರ. ಈ ತೋಟಕ್ಕ ರೋಗ ಅಂತ ಒಂದು ಸಲ ಸುದ್ದಿ ಆದ್ರ ಮುಗೀತು. ನಾಕು ಮಂದ್ಯಾಗ ನನ್ನ ಹೆಸರಿತ್ತು."

"ಅದಕ್ಕ ನನ್ನ ಫೋಟೋ ತೋರಿಸಿದಿ."

ಅವನು ಎಲೆ ಎಸೆದು ಮೋಟರ್ ಮನೆಯ ಕಡೆ ತಿರುಗಿದ.

"ಈಗ ಬಾ ನನ್ನ ಜೋಡಿ. ನಮ್ಮೂರಾಗ ಆ ಮೂರು ಮನಿಯವರ ಮುಂದ ನಿಂತು ಇದನ್ನ ಹೇಳು. ಮತ್ತೇನೂ ಬ್ಯಾಡ ನನಗ."

"ಹುಚ್ಚು ಹಿಡದೈತೇನು ನಿನಗ? ಮಳಿಗೆ ರೋಗ ಬಂತು ಅನ್ನು. ಯಾರು ಕೇಳ್ತಾರ?"

ಮನೆಗೆ ಹೋದೆ. ಅವ್ವ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿದವಳೇ ಮೊರ ಕೆಳಗಿಟ್ಟಳು. ಏನಾಯಿತು ಎಂದು ಕೇಳಲೇ ಇಲ್ಲ. ಹಾಗೆ ಕೇಳದೆ ಇದ್ದುದರಿಂದಲೇ ನನಗೆ ತಿಳಿದುಹೋಯಿತು.

"ಅವ್ವಾ, ನಿನಗೂ ಗೊತ್ತಿತ್ತೇನು?"

"ಹೇಳಬೇಕಂತ ಬಾಯಿ ತನಕ ಬಂದಿತ್ತವ್ವಾ" ಅಂದಳು. "ಅಂವ ಬ್ಯಾಡ ಅಂದ. ಅಂವ ಹೊರಗ ತಿರಗಾಂವ, ಮಂದಿ ಮಾತು ತಡಕೊಳ್ಳಂಗಿಲ್ಲ. ನೀನು ಗಟ್ಟಿ ಅದಿ. ನೀ ತಡಕೋತಿ ಅಂತ..."

ಅಣ್ಣನ ಮಾತಿಗೆ ನನಗೆ ಸಿಟ್ಟು ಬಂದಿತ್ತು. ಅವ್ವನ ಮಾತಿಗೆ ಸಿಟ್ಟು ಬರಲಿಲ್ಲ. ಕಟ್ಟೆಯ ಮೇಲೆ ಕೂತೆ. ನನ್ನನ್ನು ಗಟ್ಟಿಗಿತ್ತಿ ಎಂದು ಅವಳು ಹೊಗಳಿದಾಗಲೆಲ್ಲ ನಾನು ಹಿಗ್ಗಿದ್ದೆ. ಅದರ ಅರ್ಥ ಇದು ಎಂದು ತಿಳಿದಿರಲಿಲ್ಲ. ಪಂಚಮಿಯ ದಿನ ಒಲೆ ಮುಂದೆ ಕೂತು, ಎಲ್ಲ ತಿಳಿದೂ, ನನ್ನ ತಟ್ಟೆಗೆ ಇನ್ನೊಂದು ಉಂಡೆ ಹಾಕಿದ್ದಳು. ಈಗಲೂ ಉಂಡು ಹೋಗು ಅಂದಳು. ನೀರು ಕುಡಿದು ಎದ್ದೆ.

ನಮ್ಮೂರಿಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು, "ಮಳಿ ಅಂತಾನೇ ಅನ್ನೋಣ. ನಿನ್ನ ತವರುಮನಿ ಮಾನ ನೀನೇ ತೆಗೀತಿಯೇನು?" ಅಂದರು. ನನ್ನ ಮೇಲಿನ ಮರುಕಕ್ಕೇ ಅಂದದ್ದು. ಆದರೆ ಅವ್ವ ನನಗೆ ಬಡಿಸಿದ ಮೌನವನ್ನೇ ಮತ್ತೊಬ್ಬರಿಗೆ ನಾನು ಬಡಿಸಲಾರೆ ಅನಿಸಿತು. ಸಂಜೆ ನೀರಿನ ಟಾಕಿಯ ಹತ್ತಿರ ಆ ಮನೆಯವರೆಲ್ಲ ಸಿಗುವ ಹೊತ್ತಿಗೆ ಹೋಗಿ ಹೇಳಿದೆ: ರೋಗ ಸಸಿಯ ಜೊತೆಗೇ ಬಂದದ್ದು, ನಮ್ಮಣ್ಣನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಒಬ್ಬ ಹಿರಿಯರು, "ಅಣ್ಣ ತಂಗಿ ಕೂಡೇ ಆಡಿದ ಆಟ" ಎಂದು ಎದ್ದು ಹೋದರು. ಇನ್ನೊಂದು ಮನೆಯ ಹೆಂಗಸು ಹತ್ತಿರ ಬಂದು, "ಖರೇನ ಗೊತ್ತಿರಲಿಲ್ಲೇನು ನಿನಗ?" ಅಂತ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು. ಇಲ್ಲ ಅಂದೆ. ಅವಳು ನಂಬಲಿಲ್ಲ. ಅಣ್ಣನ ಫೋನಿನಲ್ಲಿ ನನ್ನ ನಗು ಅವರ ಮನೆಗೆಲ್ಲ ಹೋಗಿ ಬಂದಿತ್ತು, ಹೇಗೆ ನಂಬುತ್ತಾಳೆ?

ಬಾಜು ಮನೆಯವಳು ಕೊಡ ತುಂಬಿಕೊಂಡು ಹೊರಟುಹೋದಳು. ಆದರೆ ನಾವು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಗಿಡ ಕೀಳುವ ದಿನ, ಬದು ದಾಟಿ ಬಂದು, ಕೈಗೆ ಹಳೆ ಗೋಣಿ ಸುತ್ತಿಕೊಂಡು, ಮುಳ್ಳಿನ ಕೊಂಬೆಗಳನ್ನು ಎಳೆದು ಗುಡ್ಡೆ ಹಾಕಿದಳು. ಅವಳ ಗಿಡ ಕೀಳುವಾಗ ನಾನು ಹೋದೆ. ಹಸಿ ಗಿಡ ಬೇಗ ಉರಿಯುವುದಿಲ್ಲ, ಹೊಗೆಯೇ ಜಾಸ್ತಿ. ಇಬ್ಬರೂ ಕಣ್ಣು ಒರೆಸಿಕೊಳ್ಳುತ್ತಾ ನಿಂತಿದ್ದೆವು. ಹೊಗೆಗೋ ಏನೋ, ಒಬ್ಬರನ್ನೊಬ್ಬರು ಕೇಳಲಿಲ್ಲ. ಈಗ ಅವಳು ಮತ್ತೆ ಅಕ್ಕಾ ಅನ್ನುತ್ತಾಳೆ. ಉಳಿದೆರಡು ಮನೆಯವರು ಇವತ್ತಿಗೂ ನನ್ನ ಕೂಡ ಮಾತಾಡುವುದಿಲ್ಲ.

ಆ ಹೊಲದಲ್ಲಿ ಈಗ ಶೇಂಗಾ ಇದೆ, ಚೆನ್ನಾಗಿಯೇ ಬಂದಿದೆ. ಅಣ್ಣ ಒಂದು ಪಂಚಮಿಗೆ ಕರೆಯಲು ಬಂದ, ನಾನು ಹೋಗಲಿಲ್ಲ. ಮುಂದಿನ ವರ್ಷ ಬಂದಾಗ ಚಹಾ ಮಾಡಿ ಕೊಟ್ಟೆ. ಮಳೆ, ಮಕ್ಕಳ ಶಾಲೆ, ಅದೂ ಇದೂ ಮಾತಾಡಿದ. ಆ ವಿಷಯ ಎತ್ತಲಿಲ್ಲ. ತಪ್ಪಾಯಿತು ಎಂಬ ಒಂದು ಮಾತು ಅವನ ಬಾಯಿಂದ ಇನ್ನೂ ಬಂದಿಲ್ಲ, ಬರುವುದೂ ಇಲ್ಲ ಅನಿಸುತ್ತದೆ.

ಮೊನ್ನೆ ಬೆಳಿಗ್ಗೆ ಅವನ ಫೋನ್ ಬಂತು. "ಅವ್ವಗ ಜ್ವರ ಜೋರಾಗೈತಿ. ನಿನ್ನನ್ನ ಕೇಳಾಕ ಹತ್ಯಾಳ. ಬಾ" ಅಂದ. ಹೂಂ ಅಂದು ಇಟ್ಟೆ. ಸೀರೆ ಬದಲಿಸುವ ಮೊದಲು ತವರೂರಿನ ಓಣಿಯಲ್ಲಿ ಗುರುತಿದ್ದ ಒಬ್ಬರಿಗೆ ಫೋನ್ ಮಾಡಿ, ನಮ್ಮವ್ವನಿಗೆ ಜ್ವರ ಬಂದಿರುವುದು ನಿಜವೇ ಎಂದು ವಿಚಾರಿಸಿದೆ. ನಿಜವೇ, ಮೂರು ದಿನದಿಂದ ಮಲಗಿದ್ದಾಳೆ ಅಂದರು. ಅಣ್ಣನ ಮಾತು ನಿಜವೋ ಎಂದು ಬೇರೆಯವರನ್ನು ಕೇಳಿದ್ದು ಅದೇ ಮೊದಲು. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಲಗುಬಗೆಯಿಂದ ಹೊರಟೆ.