ಮಾಮಿಯ ಬಾವಿಗೆ ಉಪ್ಪು ಬಂದ ದಿನ

ಈಗ ಹೇಳಹೊರಟಿರುವುದು ಹೀಗೇ ನಡೆಯಿತು ಎಂದು ನಾನು ಆಣೆ ಮಾಡಲಾರೆ. ವರ್ಷಗಳಿಂದ ಇದನ್ನು ಕ್ಲಾಸಿನಲ್ಲಿ, ಮದುವೆಮನೆಯಲ್ಲಿ, ರೈಲಿನಲ್ಲಿ ಹೇಳುತ್ತಾ ಬಂದಿದ್ದೇನೆ. ಪ್ರತಿ ಸಲವೂ ಕಥೆ ಇನ್ನಷ್ಟು ಚೆನ್ನಾಗಿ ಆಗುತ್ತಿದೆ. ಅನುಮಾನ ಹುಟ್ಟಿದ್ದೇ ಅದರಿಂದ. ನಿಜವಾಗಿ ನಡೆದದ್ದು ಎಲ್ಲಾದರೂ ಇಷ್ಟು ಅಚ್ಚುಕಟ್ಟಾಗಿರುತ್ತದೆಯೇ?

ಎಪ್ಪತ್ತರ ದಶಕದ ಕೊನೆ. ಊರು ಮದ್ರಾಸು. ನಾನು ಎಂ.ಎಸ್ಸಿ.ಯಲ್ಲಿ ನೀರು, ಗಾಳಿ, ಕೊಳೆ ಇವುಗಳ ರಸಾಯನಶಾಸ್ತ್ರ ಓದುತ್ತಿದ್ದೆ. (ಊರಿನಲ್ಲಿ ಅಪ್ಪ ಇದನ್ನು ಯಾರಿಗೂ ವಿವರಿಸಲಾಗದೆ 'ಕೆಮಿಸ್ಟ್ರಿ' ಅಂದು ಸುಮ್ಮನಾಗುತ್ತಿದ್ದರು.) ವೆಸ್ಟ್ ಮಾಂಬಲಂನ ಒಂದು ಓಣಿಯಲ್ಲಿ, ಮಹಡಿಯ ಮೇಲೆ ಬಾಡಿಗೆ ರೂಮು. ಮನೆಯೊಡತಿ ಜಾನಕಮ್ಮ, ಮೈಸೂರು ಕಡೆಯವರು. ಯಜಮಾನರು ರೈಲ್ವೆಯಲ್ಲಿದ್ದು ತೀರಿಕೊಂಡಿದ್ದರು. ಓಣಿಗೆಲ್ಲ ಆಕೆ 'ಮಾಮಿ'. ನನಗೂ ಮಾಮಿ.

ಮಾಮಿಯ ಹಿತ್ತಿಲಲ್ಲಿ ಒಂದು ಬಾವಿ. ಓಣಿಯಲ್ಲಿ ಎಲ್ಲರ ಬಾವಿಯೂ ಸವುಳು, ಇದೊಂದು ಸಿಹಿ ಎಂಬುದು ಆಕೆಯ ಹೆಮ್ಮೆ. ಬ್ಯಾಂಕಿನಲ್ಲಿದ್ದ ಮಗ ರಘುವಿಗೆ ಅದನ್ನು ಮುಚ್ಚಿ ಅಲ್ಲೊಂದು ರೂಮು ಕಟ್ಟಿಸುವ ಆಸೆ. ದಿನವೂ ಇದೇ ಜಗಳ. ಕೊನೆಗೆ ಒಂದು ದಿನ ಮಾಮಿ ನನ್ನನ್ನು ಕರೆದು ತೀರ್ಪು ಕೊಟ್ಟರು. ನೀರನ್ನು ನಾನು ಟೆಸ್ಟ್ ಮಾಡಬೇಕು. ಕೆಟ್ಟಿದ್ದರೆ ಬಾವಿ ಮುಚ್ಚಲಿ. ಚೆನ್ನಾಗಿದ್ದರೆ ರಘು ಮತ್ತೆ ಆ ಮಾತು ಎತ್ತಕೂಡದು. ರಘು ಒಪ್ಪಿದ. ಆ ಮನೆಗೆ ನಾನು ಹೈಕೋರ್ಟು!

ಮಾರನೆಯ ಬೆಳಿಗ್ಗೆ ಎಲೆಕ್ಟ್ರಿಕ್ ಟ್ರೇನ್ ಹಿಡಿಯುವ ಅವಸರ. ಬಾಟಲಿಯನ್ನು ಮಾಮಿಯೇ ಚೊಂಬಿನಿಂದ ತುಂಬಿಸಿ ಕೈಗೆ ಕೊಟ್ಟರು ಎಂದು ನನ್ನ ನೆನಪು.

ಲ್ಯಾಬಿನಲ್ಲಿ ನೀರಿಗೆ ಕ್ರೋಮೇಟ್ ಹಾಕಿ ಹಳದಿ ಮಾಡಿಕೊಂಡೆ. ಬ್ಯುರೆಟ್ಟಿನಿಂದ ಸಿಲ್ವರ್ ನೈಟ್ರೇಟನ್ನು ತೊಟ್ಟು ತೊಟ್ಟಾಗಿ ಬಿಟ್ಟೆ. ಇಟ್ಟಿಗೆಯ ಕೆಂಪು ಬಂದಾಗ ನಿಲ್ಲಿಸಬೇಕು. ತಡವಾದಷ್ಟೂ ಉಪ್ಪು ಜಾಸ್ತಿ ಎಂದರ್ಥ. ಬ್ಯುರೆಟ್ ಖಾಲಿಯಾಯಿತು, ಕೆಂಪು ಬರಲಿಲ್ಲ. ಪಕ್ಕದ ಬೆಂಚಿನ ವಿಜಯಾ ಬಗ್ಗಿ ನೋಡಿ, ಮರೀನಾ ಬೀಚಿನಿಂದ ತಂದೆಯಾ ಅಂದಳು.

ಸಂಜೆ ವಿಷಯ ತಿಳಿಸಿದೆ. ಸಮುದ್ರದ ನೀರು ಒಳಗೆ ನುಗ್ಗಿರಬಹುದು ಎಂಬ ಪಾಂಡಿತ್ಯವನ್ನೂ ಸೇರಿಸಿದೆ.

"ನಾನ್ ಹೇಳ್ಲಿಲ್ವಾಮ್ಮಾ? ಸೈಂಟಿಸ್ಟೇ ಸೊಲ್ಲಿಯಾಚು, ಹೇಳಾಯ್ತು. ಮುಗೀತು," ಅಂದ ರಘು.

ಮಾಮಿಯ ಮುಖ ಸಪ್ಪಗಾಯಿತು. "ಬೆಳಿಗ್ಗೆ ಅದೇ ನೀರಲ್ಲಿ ಕಾಫಿ ಕುಡಿದ್ಯಲ್ಲಪ್ಪಾ, ಉಪ್ಪಿತ್ತಾ?"

ನಾಲಗೆ ಉಪಕರಣವಲ್ಲ ಎಂದು ನಾನು ಹೇಳಿರಬೇಕು. ಆಗ ಅಂಥ ಮಾತೆಲ್ಲ ಆಡುತ್ತಿದ್ದೆ.

ಮಾಮಿ ಮಗನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ನಕ್ಕುಬಿಟ್ಟರು.

"ಅಯ್ಯೋ, ನಂದೇ ತಪ್ಪು ಕಣೋ. ಯೂನಿವರ್ಸಿಟಿಗೆ ಹೋಗೋ ನೀರು ಅಂತ ಚೊಂಬನ್ನ ಹುಣಸೇಹಣ್ಣು ಉಪ್ಪು ಹಾಕಿ ಪಳಪಳ ಅನ್ನೋ ಹಾಗೆ ತಿಕ್ಕಿದ್ದೆ. ಆ ಉಪ್ಪೇ ಇರ್ಬೇಕು. ನಾಳೆ ನೀನೇ ಸೇದಿ ತಗೊಂಡ್ಹೋಗು."

ಎಲ್ಲರೂ ನಕ್ಕೆವು. ರಘು ಸ್ವಲ್ಪ ತಡವಾಗಿ ನಕ್ಕ.

ಮಾರನೆಯ ದಿನ ನಾನೇ ಸೇದಿದೆ, ಅದೇ ನೀರಿನಿಂದ ಬಾಟಲಿ ತೊಳೆದು ತುಂಬಿಸಿದೆ. ಸ್ವಲ್ಪ ಹೊತ್ತಿಗೇ ಕೆಂಪು ಬಂತು. ಬಾವಿ ಉಳಿಯಿತು. ರಘು ಮತ್ತೆ ಆ ಮಾತು ಎತ್ತಲಿಲ್ಲ. ಅಷ್ಟೇ ಅಲ್ಲ, ಆಫೀಸಿಗೆ ಹೋಗುವ ಮುಂಚೆ ಅಮ್ಮನಿಗೆ ನೀರು ಸೇದಿ ಕೊಡಲು ಶುರುಮಾಡಿದ. ಮಾಮಿ ಇದ್ದಷ್ಟು ದಿನವೂ ಸೇದಿದ. (ತಾಯಿ ಮಗ ಅಷ್ಟು ಚೆನ್ನಾಗಿದ್ದ ಮನೆಯನ್ನು ನಾನು ಹೆಚ್ಚು ನೋಡಿಲ್ಲ.)

ಸ್ಯಾಂಪಲ್ ತೆಗೆಯುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಪಾಠ ಮಾಡಿದಷ್ಟು ಕಾಲವೂ ಮಾಮಿಯ ಚೊಂಬನ್ನು ಉಜ್ಜಿದೆ.

ಮೊನ್ನೆ ನೆಂಟರ ಮುಂದೆ ಮತ್ತೆ ಹೇಳುತ್ತಿದ್ದೆ. ವಿಜಯಾ (ಅದೇ ಪಕ್ಕದ ಬೆಂಚು, ಈಗ ನನ್ನ ಹೆಂಡತಿ) ತಡೆದಳು. ಬಾಟಲಿ ಕೊಟ್ಟದ್ದು ಮಾಮಿ ಅಲ್ಲವಂತೆ. ನಾನು ಮರೆತುಬಂದಿದ್ದೆ, ರಘು ಅದನ್ನು ಹಿಡಿದುಕೊಂಡು ಸ್ಟೇಷನ್ನಿಗೆ ಓಡಿ ಬಂದ ಎಂದು ಅವತ್ತು ನಾನೇ ಅವಳಿಗೆ ಹೇಳಿದ್ದೆನಂತೆ. "ತಿಕ್ಕಿದ ಚೊಂಬನ್ನ ತೊಳೀದೇ ನೀರು ತುಂಬೋ ಹೆಂಗಸು ಯಾರ್ರೀ?" ಅಂತಲೂ ಕೇಳಿದಳು.

ರಘು ಓಡಿ ಬಂದನೇ? ದಾರಿಯಲ್ಲಿ ಉಪ್ಪು ಹಾಕಿದನೇ? ಅದು ಗೊತ್ತಾಗಿಯೇ, ಬಾಡಿಗೆಯವನ ಮುಂದೆ ಮಗನ ಮಾನ ಹೋಗಬಾರದೆಂದು ಮಾಮಿ ತಪ್ಪನ್ನು ಚೊಂಬಿನ ಮೇಲೆ ಹಾಕಿದರೇ? ನನಗೆ ನೆನಪಿಲ್ಲ. ಕೇಳೋಣವೆಂದರೆ ಇಬ್ಬರೂ ಇಲ್ಲ.

ಆದರೆ ಕಳೆದ ವಾರ ನಾನೊಂದು ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ಎಲ್ಲರ ಮನೆಯಲ್ಲಿ ತೊಳೆಯುವಂತೆ ತೊಳೆದು, ನೀರು ತುಂಬಿಸಿ ಪರಿಚಯದ ಲ್ಯಾಬಿನಲ್ಲಿ ಕೂತು ಟೆಸ್ಟ್ ಮಾಡಿದೆ: ಉಪ್ಪು ಒಂದು ತೊಟ್ಟಿನಷ್ಟೂ ಹೆಚ್ಚಿರಲಿಲ್ಲ.