ಏಳು ಅಡಿಗಲ್ಲುಗಳ ಕೆಂಪರಾಜು

ಮಳವಳ್ಳಿಗೂ ಕಿರುಗಾವಲಿಗೂ ನಡುವಿನ ಅರಳಾಪುರದಲ್ಲಿ ಕೆಂಪರಾಜು ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅಡಿಗಲ್ಲು ಕೆಂಪರಾಜು ಎಂದರೆ ಎಮ್ಮೆ ಮೇಯಿಸುವವರೂ ಮನೆ ತೋರಿಸುತ್ತಾರೆ. ಗಾರೆ ಕೆಲಸದವನು. ಕಲ್ಯಾಣಿಗೆ ಮೆಟ್ಟಿಲು ಕೂರಿಸುವ ಕಸುಬನ್ನು ಅಪ್ಪನ ಕೈಯಲ್ಲಿ ಏಟು ತಿಂದು ಕಲಿತವನು. ಆದರೆ ಐವತ್ತನಾಲ್ಕು ತುಂಬಿದರೂ ಸ್ವಂತ ಊರಿನ ಕಲ್ಯಾಣಿಗೆ ಒಂದೇ ಒಂದು ಮೆಟ್ಟಿಲು ಕೂರಿಸಿರಲಿಲ್ಲ. ಸಾಯುವುದರೊಳಗೆ ಅದೊಂದು ಆಗಿಬಿಡಲಿ ಎಂಬುದೇ ಅವನ ಆಸೆ.

ಹಾಗಂತ ಸರ್ಕಾರ ಸುಮ್ಮನೆ ಕೂತಿತ್ತು ಎಂದುಕೊಳ್ಳಬೇಡಿ. ಇಪ್ಪತ್ತು ವರ್ಷದಲ್ಲಿ ಆ ಕಲ್ಯಾಣಿಗೆ ಏಳು ಸಲ ಗುದ್ದಲಿ ಪೂಜೆ ಆಗಿತ್ತು. ಪ್ರತಿ ಸಲವೂ ಶಾಮಿಯಾನ, ಮೈಕ್ ಸೆಟ್ಟು, ಅರಿಸಿನ ಬಳಿದ ಗುದ್ದಲಿ, ಮೂವತ್ತು ಹೆಸರು ಕೆತ್ತಿದ ಕರಿಕಲ್ಲು. ಆ ಕಲ್ಲು ನಿಲ್ಲಿಸುವ ಕಟ್ಟೆ ಕಟ್ಟಲು ಕೆಂಪರಾಜು. ಮಾರನೆಯ ದಿನ ಶಾಮಿಯಾನ ಬಿಚ್ಚಿಕೊಂಡು ಹೋದವರು ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಕಲ್ಯಾಣಿಯ ಹಳೇ ಮೆಟ್ಟಿಲುಗಳು ಒಂದೊಂದಾಗಿ ನೀರಿಗೆ ಜಾರಿದವು. ಕೆಂಪರಾಜು ಕಟ್ಟಿದ ಕಟ್ಟೆಗಳು ಮಾತ್ರ ಒಂದು ಬಿರುಕೂ ಬಿಡದೆ ರಸ್ತೆಯ ಅಂಚಿಗೆ ಸಾಲಾಗಿ ನಿಂತವು.

"ಕಲ್ಯಾಣಿ ಕಟ್ಟೋ ಅಂದ್ರೆ ಕಲ್ಯಾಣಿಗೆ ಕಾಂಪೌಂಡು ಕಟ್ಟವ್ನೆ ನನ್ ಗಂಡ" ಎಂದು ಅವನ ಹೆಂಡತಿ ಮುದ್ದಮ್ಮ ನಲ್ಲಿಯ ಹತ್ತಿರ ಆಡಿಕೊಂಡು ನಗುತ್ತಿದ್ದಳು.

ಈ ವರ್ಷ ದುಡ್ಡು ನಿಜವಾಗಿಯೂ ಬಂತು. ಅದರ ಜೊತೆಗೆ ದೀಪಿಕ ಎಂಬ ಹೊಸ ಇಂಜಿನಿಯರೂ ಬಂದಳು. ಮಾತು ಕಡಿಮೆ, ಓಡಾಟ ಜಾಸ್ತಿ. ಅವಳು ಕೆಂಪರಾಜುವನ್ನು ಕರೆಸಿ, ಕಟ್ಟೆ ಬೇಡ, ನಲವತ್ತೆರಡು ಮೆಟ್ಟಿಲು ಕೂರಿಸಬೇಕು, ಮಾರ್ಚ್ ಮುಗಿಯುವುದರೊಳಗೆ ಆಗದಿದ್ದರೆ ದುಡ್ಡು ವಾಪಸ್ಸು ಹೋಗುತ್ತದೆ ಎಂದಳು. ಕೆಂಪರಾಜು ಮನೆಗೆ ಬಂದು ಉಳಿಗಳನ್ನೆಲ್ಲ ತೆಗೆದು ಉಜ್ಜಿದ. ಮುದ್ದಮ್ಮ ಊಟಕ್ಕೆ ಮೂರು ಸಲ ಕೂಗಿದರೂ ಅವನಿಗೆ ಕೇಳಲಿಲ್ಲ.

ಸೋಮವಾರ ಊರಿನ ಜಕೀವುಲ್ಲಾ ತನ್ನ ಟ್ರ್ಯಾಕ್ಟರಿನಲ್ಲಿ ಮೆಟ್ಟಿಲುಗಲ್ಲು ತುಂಬಿಕೊಂಡು ಬಂದ. ಬಂದವನು ರಸ್ತೆಯಲ್ಲೇ ನಿಂತ. ಕಲ್ಯಾಣಿಯ ಮೂರು ಕಡೆ ಮನೆಗಳು. ನಾಲ್ಕನೆಯ ಕಡೆ ಏಳು ಅಡಿಗಲ್ಲು. ಯಾವ ಎರಡು ಕಟ್ಟೆಗಳ ನಡುವೆಯೂ ಟ್ರೈಲರು ನುಗ್ಗುವಷ್ಟು ಜಾಗವಿರಲಿಲ್ಲ.

ಒಂದನ್ನು ಕಿತ್ತರೆ ಆಯಿತು ಎಂದು ದೀಪಿಕ ಅಂದುಕೊಂಡಳು. ಪಾಪ, ಹೊಸಬಳು. ಸುದ್ದಿ ಹಬ್ಬಿ ಅರ್ಧ ಗಂಟೆಯಲ್ಲಿ ಏಳು ಕಲ್ಲಿನಲ್ಲಿ ಹೆಸರಿದ್ದವರ ಏಳು ಗುಂಪೂ ಬಂದು ನಿಂತವು. ಮೆಟ್ಟಿಲು ಬೇಡ ಎಂದವರು ಒಬ್ಬರೂ ಇಲ್ಲ. ಪಕ್ಕದವರ ಕಲ್ಲು ಕೀಳಿ, ನಮ್ಮದನ್ನು ಮುಟ್ಟಬೇಡಿ ಎಂಬುದೇ ಎಲ್ಲರ ಮಾತು. ಮಾಜಿ ಮೆಂಬರು ಮಹದೇವು ಎಂಬಾತನ ಹೆಸರು ಐದನೆಯ ಕಲ್ಲಿನ ಕಟ್ಟಕಡೆಯ ಸಾಲಿನಲ್ಲಿ ಸಾಸಿವೆ ಗಾತ್ರದಲ್ಲಿತ್ತು. ಅವನು ಪ್ಲಾಸ್ಟಿಕ್ ಕುರ್ಚಿ ತಂದು ಅದರ ಮುಂದೆ ಕೂತೇಬಿಟ್ಟ.

"ಇದ್ನ ಕೀಳೋಕ್ ಮುಂಚೆ ನನ್ನ ಕಿತ್ತಾಕಿ" ಎಂದ.

"ನಿನ್ನ ಕೀಳೋಕೆ ಹಾರೆ ಯಾಕ್ಲಾ, ಒಂದು ಕಾಫಿ ಸಾಕು" ಎಂದ ಜಕೀವುಲ್ಲಾ.

ಹೀಗೆ ಒಂಬತ್ತು ದಿನ ಮಣ್ಣುಪಾಲಾಯಿತು. ಕುರ್ಚಿಗಳು ಏಳಾದವು. ಎಲ್ಲ ಕಲ್ಲನ್ನೂ ತೆಗೆದು ಒಂದೇ ಗೋಡೆಗೆ ಕೂರಿಸೋಣ ಎಂದಳು ದೀಪಿಕ. ಮೇಲೆ ಯಾರದು, ಕೆಳಗೆ ಯಾರದು ಎಂದು ಅದಕ್ಕೂ ಜಗಳ. ಊರಿಗೆ ಕೆಲಸ ಮಾಡಿಕೊಡುವ ಯೋಗ್ಯತೆ ಇಲ್ಲ ಎಂದು ಜನ ಸರ್ಕಾರವನ್ನು ಬೈಯುತ್ತಾರಲ್ಲ, ಇಂಥವರನ್ನು ಸಾಲಾಗಿ ನಿಲ್ಲಿಸಿ ಬೈಯಬೇಕು.

ಹತ್ತನೆಯ ದಿನ ಕೆಂಪರಾಜುವಿನ ತಲೆ ಕೆಟ್ಟಿತು. ಎದುರಿನ ಅರಳಿಮರದತ್ತ ಕೈ ತೋರಿಸಿದ. ಮರದ ಸುತ್ತ ದುಂಡಗೆ ಕಟ್ಟೆ ಕಟ್ಟಿ ಏಳೂ ಕಲ್ಲು ಕೂರಿಸುತ್ತೇನೆ, ದುಂಡಗಿರುವುದಕ್ಕೆ ಮೇಲೂ ಇಲ್ಲ, ಕೆಳಗೂ ಇಲ್ಲ, ಮೊದಲೂ ಇಲ್ಲ, ಕೊನೆಯೂ ಇಲ್ಲ ಎಂದ. ಗುಂಪುಗಳು ಮುಖ ಮುಖ ನೋಡಿಕೊಂಡವು. ಮಹದೇವು ಮಾತ್ರ, ತನ್ನ ಕಲ್ಲು ರಸ್ತೆ ಕಡೆಗೇ ಇರಬೇಕು ಎಂದ.

"ದಿಕ್ಕು ಬೇಕಾದೋನು ಮರ ತಿರುಗುಸ್ಕಳ್ಲಿ" ಎಂದ ಕೆಂಪರಾಜು.

ಎಲ್ಲರೂ ನಕ್ಕರು. ನಕ್ಕ ಮೇಲೆ ಜಗಳ ಮುಂದುವರಿಸುವುದು ಯಾರಿಗೂ ಆಗಲಿಲ್ಲ. ಕುರ್ಚಿಗಳು ಮನೆಗೆ ಹೋದವು.

ಕಷ್ಟ ಶುರುವಾದದ್ದು ಆಮೇಲೆ. ಹಳೇ ಕಟ್ಟೆಗಳು ಜಾಗ ಬಿಟ್ಟು ಏಳಲೇ ಇಲ್ಲ. ಸುತ್ತಿಗೆ ಹಿಡಿಕೆ ಎರಡು ಮುರಿದವು. ಮೂರನೆಯ ಕಟ್ಟೆಗೆ ಇಡೀ ದಿನ ಬಡಿದ ಕೆಂಪರಾಜು ಬೆವರು ಒರೆಸಿಕೊಂಡು, "ಯಾವ್ ಬಡ್ಡೈದ್ನಲಾ ಇದ್ನ ಕಟ್ಟಿದ್ದು" ಎಂದು ಬೈದ.

"ನೀನೇ ಕಣಣ್ಣ" ಎಂದ ಜಕೀವುಲ್ಲಾ.

ಏಳೂ ಕಲ್ಲು ಅರಳಿಮರದ ಸುತ್ತ ಕೂತು, ಕೊನೆಗೂ ದಾರಿ ಬಿಟ್ಟುಕೊಂಡಾಗ ಮಾರ್ಚ್ ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಕೆಂಪರಾಜು ಕೆಳಗಿನಿಂದ ಮೆಟ್ಟಿಲು ಹತ್ತಿಸುತ್ತ ಬಂದ. ಅರಳಿಕಟ್ಟೆಯಲ್ಲಿ ಕೂತ ಗುಂಪುಗಳು ದಿನಕ್ಕೆಷ್ಟು ಮೆಟ್ಟಿಲು ಎಂದು ಎಣಿಸುತ್ತಿದ್ದವು. ತಪ್ಪು ಎಣಿಸಿದವರಿಗೆ ಅವನು ಕೆಳಗಿನಿಂದಲೇ ಬೈಯುತ್ತಿದ್ದ. ಮೂವತ್ತೊಂದರ ಮಧ್ಯಾಹ್ನ ನಲವತ್ತೆರಡನೆಯ ಕಲ್ಲು ಕೂತಿತು.

ಮಂಡ್ಯದ ಆಫೀಸಿಗೆ ಅಂದೇ ಫೋಟೋ ಕಳಿಸಬೇಕಿತ್ತು. ದೀಪಿಕ ಫೋನು ಹಿಡಿದು ನೋಡಿದರೆ, ನಟ್ಟನಡುವೆ ಕೆಂಪರಾಜು ಮಂಡಿ ಮಡಿಸಿ ಕೂತಿದ್ದ. ಮೈಯೆಲ್ಲ ಸಿಮೆಂಟು.

"ಸ್ವಲ್ಪ ಪಕ್ಕಕ್ಕೆ ಬನ್ನಿ. ಫೋಟೋದಲ್ಲಿ ಕೆಲಸ ಮಾತ್ರ ಕಾಣಬೇಕಂತೆ" ಎಂದಳು.

ಕೆಂಪರಾಜು ಏಳಲು ನೋಡಿದ. ಹನ್ನೊಂದು ದಿನ ಬಗ್ಗಿದ್ದ ಸೊಂಟ ಮೇಲೇಳಲಿಲ್ಲ. ಮತ್ತೆ ಅಲ್ಲೇ ಕೂತು, "ಇದೂ ಕೆಲ್ಸುದ್ದೆ ಅಂತ ಬರ್ಕಳವ್ವ" ಎಂದ.

ದೀಪಿಕ ಹಾಗೆಯೇ ಫೋಟೋ ತೆಗೆದು ಕಳಿಸಿದಳು.